ಸದ್ದಿಲ್ಲದ ಸ್ವಿಚ್ಚುಗಳು

"ಕಣ್ಣು ಮುಚ್ಚಿ ಒತ್ತಿ ನೋಡಿ ಅಕ್ಕ. ಮೂರರಲ್ಲಿ ಯಾವುದು ಹಗುರ, ಯಾವುದು ಬಿಗಿ, ಅಷ್ಟು ಹೇಳಿದ್ರೆ ಸಾಕು," ಎಂದರು ಅಂಗಡಿಯವರು.

ಕುಶಾಲನಗರದಲ್ಲಿ ಬಸ್ ನಿಲ್ದಾಣದ ಹಿಂಬದಿಯ ಬೀದಿಯಲ್ಲಿ ಅವರದು ಕಂಪ್ಯೂಟರ್ ರಿಪೇರಿ ಅಂಗಡಿ. ಕೇರಳದ ಗಡಿಯ ಕುಟ್ಟದ ಕಡೆಯವರು, ಮನೆಯಲ್ಲಿ ಮಲಯಾಳ, ಗಿರಾಕಿಗಳ ಜೊತೆ ಕನ್ನಡ. ಅಂಗೈಯಗಲದ ಹಲಗೆಯೊಂದರ ಮೇಲೆ ಕೀಬೋರ್ಡಿನ ಸ್ವಿಚ್ಚುಗಳನ್ನು ಸಾಲಾಗಿ ಕೂರಿಸಿ ನನ್ನ ಮುಂದಿಟ್ಟಿದ್ದರು. ಪ್ರತಿ ಕೀಲಿಯ ಕೆಳಗೂ ಇಂಥದ್ದೊಂದು ಸ್ವಿಚ್ಚು ಇರುತ್ತದೆ, ಅದರೊಳಗೊಂದು ಪುಟ್ಟ ಸ್ಪ್ರಿಂಗು. ಆ ಸ್ಪ್ರಿಂಗು ಎಷ್ಟು ಬಿಗಿ, ಒತ್ತಿದಾಗ ಬೆರಳಿಗೆ ಏನು ತಿಳಿಯುತ್ತದೆ ಎನ್ನುವುದನ್ನು ನೋಡಿಯೇ ಆರಿಸಬೇಕು ಎಂದು ಆಗಲೇ ವಿವರಿಸಿದ್ದರು.

ನಾನು ಕಣ್ಣು ಮುಚ್ಚಿ ಬಲಗೈಯ ನಡುಬೆರಳಿನಿಂದ ಮೊದಲನೆಯದನ್ನು ಒತ್ತಿದೆ. ಆಮೇಲೆ ಎರಡನೆಯದು, ಮೂರನೆಯದು. ಬೆರಳಿಗೆ ದಪ್ಪ ಬಟ್ಟೆ ಸುತ್ತಿಕೊಂಡು ಒತ್ತಿದ ಹಾಗಿತ್ತು. ಮೂರಕ್ಕೂ ಏನು ವ್ಯತ್ಯಾಸವೋ ತಿಳಿಯಲಿಲ್ಲ.

"ಎರಡನೇದು ಬಿಗಿ," ಎಂದೆ, ಊಹೆಯ ಮೇಲೆ.

"ಎರಡನೇದಾ? ಅದೇ ಅಲ್ವಾ ಅಕ್ಕ ಎಲ್ಲಕ್ಕಿಂತ ಹಗುರದ್ದು!"

"ಕೈ ಜಾರಿತೇನೋ," ಎಂದು ನಕ್ಕೆ. ಅವರು ಹಲಗೆಯ ತುದಿಯಲ್ಲಿದ್ದ ಬೇರೊಂದನ್ನು ಒತ್ತಿ ತೋರಿಸಿದರು. ಟಿಕ್ ಎಂದು ಚುರುಕಾದ ಸದ್ದು ಬಂತು. ಅಕ್ಷರ ದಾಖಲಾಗುವ ಕ್ಷಣಕ್ಕೆ ಸರಿಯಾಗಿ ಸದ್ದು ಮಾಡುವ ಜಾತಿ ಅದು. ನಾನು ಒತ್ತಿದೆ. ಬೆರಳಿಗೆ ಏನೂ ತಿಳಿಯಲಿಲ್ಲ, ಆದರೆ ಕಿವಿಗೆ ಕೇಳಿಸಿತು.

"ಇದೇ ಇರಲಿ," ಎಂದೆ.

"ಇದು ಸೌಂಡ್ ಜಾಸ್ತಿ ಅಕ್ಕ. ಕೋರ್ಟಲ್ಲಿ ಆಗ್ತದಾ?"

"ಫ್ಯಾನಿನ ಸದ್ದಲ್ಲಿ ಕೇಳಿಸೋದೇ ಇಲ್ಲ ಬಿಡಿ. ನಾನು ಕಲಿತಿದ್ದು ಟೈಪ್‌ರೈಟರ್ ಮೇಲೆ. ಸದ್ದಿದ್ರೇನೇ ನನಗೆ ಸರಿ."

ಟೈಪ್‌ರೈಟರ್ ಮಾತು ನಿಜ. ಆದರೆ ಆರಿಸಿದ ಕಾರಣ ಅದಲ್ಲ.

ನಾನು ತಾಲ್ಲೂಕು ಕೇಂದ್ರವೊಂದರ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ. ಸಾಕ್ಷಿಗಳು ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ನ್ಯಾಯಾಧೀಶರು ಬರಹದ ಕನ್ನಡದಲ್ಲಿ ಹೇಳಿ ಬರೆಸುತ್ತಾರೆ. ಚಿಕ್ಕಪುಟ್ಟ ಉತ್ತರಗಳನ್ನು ನಾನೇ ನೇರವಾಗಿ ಟೈಪ್ ಮಾಡುತ್ತೇನೆ. ಕೊನೆಗೆ ಪ್ರಿಂಟ್ ತೆಗೆದು ಸಾಕ್ಷಿಗೆ ಓದಿ ಹೇಳಿ ಸಹಿ ಹಾಕಿಸಬೇಕು. ಆ ಕಾಗದದ ಮೇಲೆ ಏನಿದೆಯೋ ಅದೇ ಅವರ ಮಾತು.

ಆ ಚಳಿಗಾಲದ ಆರಂಭದಲ್ಲಿ ನಮ್ಮೂರು ಮಾದಾಪುರದಿಂದ ಬಸ್ಸಿನಲ್ಲಿ ಕೋರ್ಟಿಗೆ ಬರುವಾಗ ಬಲಗೈ ಜೋಮು ಹಿಡಿಯಲು ಶುರುವಾಯಿತು. ಕೊಡವಿದರೆ ಹೋಗುತ್ತಿತ್ತು. ಆಮೇಲೆ ಕೊಡವಿದರೂ ಹೋಗಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ಎಲ್ಲರೂ ಸ್ಟೀಲ್ ಲೋಟದ ಅಂಚು ಹಿಡಿದು ಕಾಫಿ ಆರಿಸಿಕೊಳ್ಳುತ್ತಿದ್ದರೆ ನಾನು ಲೋಟವನ್ನು ಇಡಿಯಾಗಿ ಹಿಡಿದುಕೊಂಡು ನಿಂತಿದ್ದೆ. "ಬಿಸಿ ಇಲ್ವಾ?" ಎಂದು ಯಾರೋ ಕೇಳಿದಾಗಲೇ ಬೆರಳ ತುದಿ ಕೆಂಪಾಗಿದ್ದು ಕಂಡಿದ್ದು.

ಮಡಿಕೇರಿಯ ವೈದ್ಯರು ಮಣಿಕಟ್ಟನ್ನು ಬಗ್ಗಿಸಿ, ಸೂಜಿಯ ಮೊನೆ ಮುಟ್ಟಿಸಿ ನೋಡಿದರು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರಕ್ಕೂ ಅದೇ ನರ, ಅದರಲ್ಲಿ ನಡುಬೆರಳಿನ ಸ್ಪರ್ಶ ಹೆಚ್ಚು ಹೋಗಿದೆ ಎಂದರು. ಕಡೆಗೆ ಆಪರೇಷನ್ ಬೇಕಾಗಬಹುದು. ಅದಕ್ಕೂ ಮೊದಲು ಕೈ ಬಗ್ಗಿಸಿಕೊಂಡು ಟೈಪ್ ಮಾಡುವುದು ನಿಲ್ಲಬೇಕು. ಎರಡು ಹೋಳಾಗಿರುವ ಕೀಬೋರ್ಡು ಸಿಗುತ್ತದೆ, ಒಂದೊಂದು ಹೋಳನ್ನು ಒಂದೊಂದು ಭುಜದ ನೇರಕ್ಕೆ ಇಟ್ಟುಕೊಳ್ಳಿ, ಮಣಿಕಟ್ಟು ತಿರುಚುವುದಿಲ್ಲ ಎಂದು ಸಲಹೆ ಕೊಟ್ಟರು.

ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ನನ್ನ ನಾದಿನಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಫಿ ಕುಯ್ದು, ಚೀಲ ಹೊತ್ತು ತಂದು ಕಣಕ್ಕೆ ಸುರಿಯುತ್ತಾಳೆ. ಅವಳ ಬೆರಳುಗಳು ಬಿರುಕು ಬಿಟ್ಟು ಕಪ್ಪಾಗಿರುತ್ತವೆ. ಅವಳೆದುರು ಕೂತು, ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು ಕೀಲಿ ಒತ್ತಿ ಒತ್ತಿ ನನ್ನ ಕೈ ಹೋಯಿತು ಎಂದು ಹೇಗೆ ಹೇಳುವುದು? ಸಕ್ಕರೆ ಕಾಯಿಲೆ ಪರೀಕ್ಷೆಗೆ ಹೋಗಿದ್ದೆ ಎಂದೆ.

ಕಚೇರಿಯಲ್ಲಂತೂ ಬಾಯಿ ಬಿಡುವ ಹಾಗೇ ಇರಲಿಲ್ಲ. ಹೊಸದಾಗಿ ಸೇರಿದ ಬೆರಳಚ್ಚುಗಾರರನ್ನು ನನ್ನ ಪಕ್ಕ ಕೂರಿಸಿ "ಅವರ ಕೈ ನೋಡಿ ಕಲೀರಿ" ಎನ್ನುವುದು ಅಲ್ಲಿನ ರೂಢಿ. ನನ್ನಲ್ಲಿ ಜನ ಮೆಚ್ಚುವಂಥದ್ದು ಏನಾದರೂ ಇದ್ದರೆ ಅದು ಆ ಕೈ. ನೆಂಟರಿಷ್ಟರ ಮದುವೆಗಳಲ್ಲೂ ನನ್ನ ಗುರುತು ಅಷ್ಟೇ: ಕೋರ್ಟಲ್ಲಿ ಮಾತಿನಷ್ಟೇ ವೇಗವಾಗಿ ಟೈಪ್ ಮಾಡುವವಳು. ಹಾಗಾಗಿ ಎರಡು ಹೋಳಿನ ಕೀಬೋರ್ಡನ್ನು ಮೇಜಿನ ಮೇಲಿಟ್ಟಾಗ "ಹೊಸ ಮಾದರಿ, ಇನ್ನೂ ಬೇಗ ಆಗುತ್ತಂತೆ" ಎಂದುಬಿಟ್ಟೆ. ಎಲ್ಲರೂ ನಂಬಿದರು.

ಕೀಲಿಗಳ ಜಾಗವನ್ನು ಅಂಗಡಿಯವರು ನನ್ನ ಟೈಪಿಂಗಿಗೆ ತಕ್ಕಂತೆ ಬದಲಿಸಿ ಕೊಟ್ಟಿದ್ದರು. ಕನ್ನಡ ಟೈಪ್ ಮಾಡುವವರಿಗೆ ಗೊತ್ತು: ನಮ್ಮ ವಿನ್ಯಾಸದಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ಎಫ್ ಒತ್ತಬೇಕು, ದೀರ್ಘ ಬೇಕಾದಾಗಲೆಲ್ಲ ಶಿಫ್ಟ್ ಹಿಡಿಯಬೇಕು. ಒಂದು ಪುಟದಲ್ಲಿ ಇವೆರಡರ ಕೆಲಸವೇ ಹೆಚ್ಚು. ಅವೆರಡನ್ನೂ ಎಡ ಹೆಬ್ಬೆರಳಿನ ಕೆಳಗೆ ತಂದೆವು. ಕೈಗೆ ಹೊಸ ದಾರಿ ಅಭ್ಯಾಸವಾಗಲು ಕೆಲವು ವಾರ ಹಿಡಿಯಿತು. 'ಪ್ರಾರ್ಥನೆ' ಎಂದು ಬರೆಯಲು ಹೋಗಿ ನಡುವೆ ಸಿಕ್ಕಿಕೊಂಡು ಕೂತಿದ್ದು ಎಷ್ಟು ಸಲವೋ.

ಟಿಕ್ ಎನ್ನುವ ಸ್ವಿಚ್ಚುಗಳು ನನ್ನನ್ನು ಕಾಪಾಡಿದವು. ಬೆರಳಿಗೆ ತಿಳಿಯದ್ದನ್ನು ಕಿವಿ ಹೇಳುತ್ತಿತ್ತು. ಒಂದು ಟಿಕ್ ಕಡಿಮೆಯಾದರೆ ಹಿಂದಕ್ಕೆ ಹೋಗಿ ತಿದ್ದುತ್ತಿದ್ದೆ. ಆದರೆ ಫ್ಯಾನಿನ ಸದ್ದಲ್ಲಿ ಅದು ಮುಳುಗಲಿಲ್ಲ. ಹಳೆಯ ಕಟ್ಟಡದ ಎತ್ತರದ ಚಾವಣಿ ಪ್ರತಿ ಟಿಕ್ಕನ್ನೂ ಎತ್ತಿ ವಾಪಸು ಕೊಡುತ್ತಿತ್ತು. "ಏನಮ್ಮ, ತಗಡಿನ ಮೇಲೆ ಕರಿಮೆಣಸು ಸುರೀತಿದೀರಾ?" ಎಂದು ವಕೀಲರೊಬ್ಬರು ಕೇಳಿದರು. ಸದ್ದು ತಗ್ಗಿಸಲು ಕೀಲಿಗಳ ಒಳಗೆ ರಬ್ಬರಿನ ಸಣ್ಣ ಬಳೆಗಳನ್ನು ಹಾಕಿಸಿದೆ. ಕೀಲಿ ತಳ ತಾಗುವ ಸದ್ದು ಕಡಿಮೆಯಾಯಿತು, ಟಿಕ್ ಹಾಗೇ ಉಳಿಯಿತು.

ಒಂದು ಮಧ್ಯಾಹ್ನ ನ್ಯಾಯಾಧೀಶರು ವಿಚಾರಣೆ ನಿಲ್ಲಿಸಿದರು. "ಸಾಕ್ಷಿಯ ಮಾತೇ ನನಗೆ ಕೇಳಿಸ್ತಿಲ್ಲ. ನಾಳೆಯಿಂದ ಹಳೇ ಕೀಬೋರ್ಡೇ ಇರಲಿ," ಎಂದರು. ಅವರು ಗದರುವವರಲ್ಲ, ಮೆತ್ತಗೇ ಹೇಳಿದರು. ಆದರೂ ಕೂತಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಆಗಲೇ ಹೇಳಿಬಿಡಬಹುದಿತ್ತು.

"ಸದ್ದಿಲ್ಲದ ಸ್ವಿಚ್ ಹಾಕಿಸ್ತೀನಿ ಮೇಡಂ," ಎಂದೆ.

ಅಂಗಡಿಯವರು ಚಿಮ್ಮಟದಂಥ ಇಕ್ಕಳದಿಂದ ಹಳೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಕಿತ್ತರು. ಈ ಬೋರ್ಡಿಗೆ ಬೆಸುಗೆ ಬೇಕಿಲ್ಲ. ಸ್ವಿಚ್ಚಿನ ಎರಡು ತಂತಿಕಾಲುಗಳನ್ನು ನೇರ ಮಾಡಿ ಗುಳಿಗೆ ಒತ್ತಿದರೆ ಕೂರುತ್ತದೆ. ಹೊಸತಾಗಿ ಹಾಕಿದ್ದು ಒಳಗೆ ರಬ್ಬರಿನ ಮೆತ್ತೆಯಿರುವ ಜಾತಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಇಳಿಯುತ್ತದೆ. ನಡುವೆ ತಡೆಯಿಲ್ಲ, ಸದ್ದಿಲ್ಲ.

"ನೋಡಿ ಅಕ್ಕ, ಇದು ಕಿವಿಗೂ ಹೇಳಲ್ಲ, ಬೆರಳಿಗೂ ಹೇಳಲ್ಲ. ನಿಮಗೆ ಅಡ್ಡಿ ಇಲ್ವಾ?"

"ಇಷ್ಟು ವರ್ಷ ಟೈಪ್ ಮಾಡಿದ ಕೈ ಇದು," ಎಂದೆ. ದನಿಯಲ್ಲಿ ಸ್ವಲ್ಪ ಸಿಡುಕಿತ್ತು. ಅವರು ಮಿಕ್ಕ ಸ್ವಿಚ್ಚುಗಳನ್ನು ಕೂರಿಸತೊಡಗಿದರು.

ಮರುದಿನದಿಂದ ಕೋರ್ಟು ತಣ್ಣಗಾಯಿತು. ಮಣಿಕಟ್ಟಿಗೂ ಹಿತವಾಗಿತ್ತು. "ಈಗ ಚೆನ್ನಾಗಿದೆ," ಎಂದು ನ್ಯಾಯಾಧೀಶರೂ ಅಂದರು. ಕಿವಿಯ ಕೆಲಸವನ್ನು ಈಗ ಕಣ್ಣು ಮಾಡಬೇಕಿತ್ತು. ಸಾಕ್ಷಿಯತ್ತ ನೋಡುವುದು ಬಿಟ್ಟು ಪರದೆಗೇ ಕಣ್ಣು ಅಂಟಿಸಿ ಕೂರುತ್ತಿದ್ದೆ. ತಲೆಯೆತ್ತಿದಾಗೊಮ್ಮೆ ಒಂದೊಂದು ಅಕ್ಷರ ತಪ್ಪುತ್ತಿತ್ತು. ಕಂಡಿದ್ದನ್ನು ತಿದ್ದುತ್ತಿದ್ದೆ. ಹೇಗೂ ಕಡೆಗೆ ಓದಿ ಹೇಳುವವಳು ನಾನೇ, ಆಗ ಸಿಕ್ಕೇ ಸಿಗುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಕಾಫಿ ಕುಯ್ಲು ಮುಗಿಯುತ್ತ ಬಂದಿದ್ದ ದಿನಗಳವು. ಎಸ್ಟೇಟಿನ ಕೂಲಿಯವರ ಲೈನ್ ಮನೆಯೊಂದರಲ್ಲಿರುವ ಹಿರಿಯ ಹೆಂಗಸೊಬ್ಬರು ಸಾಕ್ಷಿ ಹೇಳಲು ಬಂದಿದ್ದರು. ಬೇಲಿಯ ಪಕ್ಕದ ನೀರಿನ ಪೈಪಿನ ವಿಚಾರಕ್ಕೆ ಜಗಳವಾಗಿ ಒಬ್ಬನ ತಲೆಗೆ ಏಟು ಬಿದ್ದ ಪ್ರಕರಣ. ಆರೋಪಿ ಬೇಲಿಯ ಹತ್ತಿರ ಇದ್ದನೇ ಇಲ್ಲವೇ ಎನ್ನುವುದೇ ಮುಖ್ಯ ಪ್ರಶ್ನೆ, ಕಂಡವರು ಈಕೆಯೊಬ್ಬರೇ.

ಸರ್ಕಾರಿ ವಕೀಲರು ಕೇಳುತ್ತಿದ್ದರು. ನ್ಯಾಯಾಧೀಶರು ಆ ಗಳಿಗೆಯಲ್ಲಿ ಯಾವುದೋ ನಕ್ಷೆಯನ್ನು ಬಿಡಿಸಿ ನೋಡುತ್ತಿದ್ದರು.

"ಬೇಲಿ ಹತ್ರ ಯಾರಿದ್ರು?"

"ಇವನೇ. ನಾ ನೋಡ್ದೆ. ಆಮೇಲೆ ಮನೆಗೋದೆ," ಎಂದು ಆಕೆ ಎರಡು ಬೆರಳುಗಳಿಂದ ತನ್ನ ಕಣ್ಣುಗಳನ್ನು ಮುಟ್ಟಿ ತೋರಿಸಿದರು. ಆ ಸನ್ನೆಗೆ ನಾನು ತಲೆಯೆತ್ತಿದೆ. ಬೆರಳುಗಳು ತಮ್ಮ ಪಾಡಿಗೆ ಬರೆದುಕೊಂಡವು.

ಹೇಳಿಕೆ ಮುಗಿದಾಗ ಬೇರೊಂದು ಆದೇಶದ ಪ್ರತಿ ತುರ್ತಾಗಿ ಬೇಕೆಂದು ನ್ಯಾಯಾಧೀಶರು ನನಗೆ ಹೇಳಿದರು. ಹಾಗಾಗಿ ಆಕೆಯ ಹೇಳಿಕೆಯನ್ನು, ಕಡತ ನೋಡಿಕೊಳ್ಳುವ ಬೆಂಚ್ ಕ್ಲರ್ಕ್ ಓದಿದರು. "ಆತನನ್ನು ಬೇಲಿಯ ಹತ್ತಿರ ನಾನು ನೋಡದೆ ನಂತರ ಮನೆಗೆ ಹೋದೆ."

"ಅಲ್ಲ ತಾಯಿ," ಎಂದರು ಆಕೆ, ನ್ಯಾಯಾಧೀಶರತ್ತ ತಿರುಗಿ. "ನೋಡದೆ ಅಲ್ಲ. ನಾ ನೋಡ್ದೆ. ಕಣ್ಣಾರೆ ನೋಡ್ದೆ."

ಟೈಪ್ ಮಾಡುತ್ತಿದ್ದ ನನ್ನ ಕೈ ನಿಂತಿತು. 'ನೋಡಿದೆ'ಯಲ್ಲಿ ಒಂದು 'ಇ' ಬೀಳದಿದ್ದರೆ 'ನೋಡದೆ' ಆಗುತ್ತದೆ. 'ಇ' ಕೀಲಿ ಬಲಗೈಯ ನಡುಬೆರಳಿನದು.

ಆರೋಪಿಯ ವಕೀಲರು ಎದ್ದು ನಿಂತರು. "ಮೇಡಂ, ಬಾಯಲ್ಲಿ ನೋಡ್ದೆ ಅಂದ್ರೆ ನೋಡದೆ ಅಂತಲೂ ಆಗುತ್ತೆ. ಬರೆದಿರೋದೂ ಅದೇ. ಈಗ ಯಾರೋ ಕಣ್ಸನ್ನೆ ಮಾಡಿದ ಮೇಲೆ ಬದಲಾಯಿಸ್ತಿದಾರೆ."

"ಯಾರೂ ಮಾಡಿಲ್ಲ ಸಾಮಿ. ನಾ ಯಾಕೆ ಸುಳ್ಳು ಹೇಳ್ಲಿ?"

"ಟೈಪಿಂಗ್ ತಪ್ಪು ಇರಬಹುದಲ್ವಾ?" ಎಂದರು ಸರ್ಕಾರಿ ವಕೀಲರು.

ಆರೋಪಿಯ ವಕೀಲರು ನನ್ನತ್ತ ಕೈ ತೋರಿಸಿದರು. "ಇಷ್ಟು ವರ್ಷದಲ್ಲಿ ಇವರ ಕೈಯಲ್ಲಿ ಒಂದಕ್ಷರ ತಪ್ಪಿದ್ದು ಯಾರಾದ್ರೂ ನೋಡಿದೀರಾ? ಇವತ್ತೇ ತಪ್ಪುತ್ತಾ?"

ಅದು ಹೊಗಳಿಕೆ. ಆ ಹೊಗಳಿಕೆಯನ್ನು ಕೇಳಿಸಿಕೊಂಡು ಸುಮ್ಮನೆ ಕೂತಿದ್ದರೆ ಕಟಕಟೆಯಲ್ಲಿದ್ದ ಹೆಂಗಸು ಸುಳ್ಳಿಯಾಗುತ್ತಿದ್ದರು. ಆಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಯಾರನ್ನು ನೋಡಬೇಕೆಂದು ಆಕೆಗೆ ತೋಚಿದಂತಿರಲಿಲ್ಲ. ನನಗೆ ಏಳಲು ಎಷ್ಟು ಹೊತ್ತು ಬೇಕಾಯಿತೋ ಗೊತ್ತಿಲ್ಲ. ಬೇಗ ಏಳಲಿಲ್ಲ ಎನ್ನುವುದು ಮಾತ್ರ ಗೊತ್ತು. ಕೂತಲ್ಲೇ ಒಂದು ಉಪಾಯವೂ ಹೊಳೆಯಿತು: ಕಂಪ್ಯೂಟರಿನ ತೊಂದರೆ ಎಂದರೆ ಹೇಗೆ?

"ಅವರು ನೋಡಿದೆ ಅಂದ್ರು ಮೇಡಂ," ಎಂದೆ. "ಕಣ್ಣು ಮುಟ್ಟಿ ತೋರಿಸಿದ್ರು. ನಾನೂ 'ನೋಡಿದೆ' ಅಂತಲೇ ಟೈಪ್ ಮಾಡಿದೆ ಅಂದ್ಕೊಂಡೆ. 'ಇ' ಬಿದ್ದಿಲ್ಲ."

"ಬಿದ್ದಿಲ್ಲ ಅಂದ್ರೆ? ಕೀಬೋರ್ಡ್ ಕೆಟ್ಟಿದೆಯಾ?"

"ಇಲ್ಲ ಮೇಡಂ. ನನ್ನ ಬೆರಳಿಗೆ ಸ್ಪರ್ಶ ಇಲ್ಲ. ಒತ್ತಿದ್ನೋ ಇಲ್ವೋ ನನಗೆ ತಿಳಿಯಲ್ಲ."

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಸಾಕ್ಷಿಯನ್ನು ಉಳಿಸಲು ಸಿಬ್ಬಂದಿ ಕಥೆ ಕಟ್ಟುತ್ತಿದ್ದಾರೆ ಎಂದು ಆರೋಪಿಯ ವಕೀಲರು ಆಕ್ಷೇಪಿಸಿದರು. ಅವರ ಕೆಲಸ ಅದು. ನ್ಯಾಯಾಧೀಶರ ಮೇಜಿನ ಮೇಲೂ ಒಂದು ಪರದೆಯಿದೆ, ನಾನು ಬರೆದದ್ದು ಅಲ್ಲೂ ಕಾಣಿಸುತ್ತದೆ. "ಕಣ್ಣು ಮುಚ್ಚಿ ಅದೇ ಪದ ಬರೀತೀನಿ ಮೇಡಂ, ನೀವೇ ನೋಡಿ," ಎಂದೆ.

ಹೊಸ ಪುಟ ತೆರೆದು ಕಣ್ಣು ಮುಚ್ಚಿ ಬರೆಯತೊಡಗಿದೆ. ನೋಡಿದೆ, ನೋಡಿದೆ, ನೋಡಿದೆ. ಯಾವ ಸದ್ದೂ ಇರಲಿಲ್ಲ. ಮನಸ್ಸಿನೊಳಗೆ ಪ್ರತಿ ಸಲವೂ ಪದ ಪೂರ್ತಿಯಾಗಿತ್ತು. ವಕೀಲರಿಬ್ಬರೂ ಮುಂದೆ ಬಂದು ಪರದೆ ನೋಡುತ್ತಿರುವುದು ಚಪ್ಪಲಿಯ ಸದ್ದಿನಿಂದ ತಿಳಿಯಿತು. ಯಾರೋ "ಛೆ" ಎಂದರು. "ಸಾಕು," ಎಂದರು ನ್ಯಾಯಾಧೀಶರು.

ಕಣ್ಣು ಬಿಟ್ಟೆ. ಸಾಲು ಸಾಲಾಗಿ ನೋಡಿದೆ ಎಂದಿತ್ತು. ಅಲ್ಲಲ್ಲಿ, ನನಗೆ ಗೊತ್ತೇ ಆಗದ ಜಾಗಗಳಲ್ಲಿ, ನೋಡದೆ.

ಹೇಳಿಕೆಯನ್ನು ತಿದ್ದಿ, ಯಾಕೆ ತಿದ್ದಲಾಯಿತು ಎನ್ನುವುದನ್ನೂ ಬರೆದು, ಆಕೆಯ ಹೆಬ್ಬೆಟ್ಟು ಹಾಕಿಸಲಾಯಿತು. ಅದನ್ನು ಟೈಪ್ ಮಾಡಲು ಪಕ್ಕದ ವಿಭಾಗದಿಂದ ಬೇರೊಬ್ಬರನ್ನು ಕರೆಸಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕೈಗಳನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ಆಕೆ ಹೊರಗೆ ಹೋಗುವಾಗ ನನ್ನ ಪಕ್ಕ ನಿಂತು, "ನಿನ್ನ ಕೈಗೆ ಏನಾಗದೆ ಮಗಾ?" ಎಂದು ಕೇಳಿದರು. ಮರುಕದಿಂದಲೇ ಕೇಳಿದ್ದು. ನಾನು ತಲೆ ತಗ್ಗಿಸಿದೆ.

ಸಂಜೆ ನ್ಯಾಯಾಧೀಶರು ಚೇಂಬರಿಗೆ ಕರೆದರು. ಕೂರಲು ಹೇಳಿದರು. ವೈದ್ಯರು ಏನಂದರು ಎಂದು ವಿಚಾರಿಸಿದರು. ಆಮೇಲೆ, ನಾನು ಯಾವುದನ್ನು ಕೇಳದಿರಲಿ ಎಂದುಕೊಂಡಿದ್ದೆನೋ ಅದನ್ನೇ ಕೇಳಿದರು.

"ಈ ಸದ್ದಿಲ್ಲದ್ದು ಹಾಕಿಸಿದ ಮೇಲೆ ಬರೆದ ಹೇಳಿಕೆಗಳನ್ನೆಲ್ಲ ಓದಿ ಹೇಳಿದ್ದು ನೀವೇ ಅಲ್ವಾ?"

"ಹೌದು ಮೇಡಂ."

"ಕಾಗದ ನೋಡಿ ಓದ್ತಿದ್ರಾ?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಕಾಗದ ಕೈಯಲ್ಲಿರುತ್ತಿತ್ತು. ಆದರೆ ಆಗಷ್ಟೇ ಬರೆದದ್ದು ಬಾಯಿಗೇ ಬಂದುಬಿಡುತ್ತದೆ. ಕಣ್ಣು ಸಾಲಿನ ಮೇಲೆ ಓಡುತ್ತಿರುತ್ತದೆ, ಓದುವುದು ನೆನಪಿನಿಂದ. ಕಾಗದದಲ್ಲಿ 'ನೋಡದೆ' ಎಂದಿದ್ದರೂ ನಾನು 'ನೋಡಿದೆ' ಎಂದೇ ಓದಿರುತ್ತೇನೆ, ಸಾಕ್ಷಿ ಹೂಂ ಎಂದು ಸಹಿ ಹಾಕಿರುತ್ತಾರೆ. ಅದನ್ನೇ ಹೇಳಿದೆ. ಅವರು ಬಾಕಿ ಪ್ರಕರಣಗಳ ಪಟ್ಟಿಯನ್ನು ಎಳೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಬಾಕಿ ಇರೋ ಪ್ರಕರಣಗಳ ಸಾಕ್ಷಿಗಳನ್ನ ಮತ್ತೆ ಕರೆಸೋಣ. ಬೇರೆಯವರು ಓದ್ತಾರೆ. ನೀವೂ ಎದುರಿಗೆ ಇರಬೇಕು," ಎಂದರು.

ಆ ಭಾನುವಾರ ಕುಶಾಲನಗರದ ಅಂಗಡಿಯಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲ ದಿನ ಊಹೆಯ ಮೇಲೆ ಉತ್ತರ ಕೊಟ್ಟಿದ್ದನ್ನೂ ಹೇಳಿದೆ. ಅಂಗಡಿಯವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಅವತ್ತೇ ಹೇಳಿದ್ರೆ ನಾನು ಈ ಮೆತ್ತಗಿನದು ಹಾಕ್ತಾನೇ ಇರಲಿಲ್ಲ ಅಲ್ವಾ ಅಕ್ಕ?" ಎಂದರು. ಅವರ ದನಿಯಲ್ಲಿ ನೋವಿತ್ತು. ತಾನು ಕೊಟ್ಟ ವಸ್ತುವಿನಿಂದ ಹೀಗಾಯಿತಲ್ಲ ಎಂಬ ಸಂಕಟ. ಅದನ್ನು ಅವರ ಮೇಲೆ ಹೊರಿಸಿದವಳೂ ನಾನೇ.

ಈ ಸಲ ಬೇರೆ ಥರ ಪರೀಕ್ಷೆ ಮಾಡಿದೆವು. ಹಗುರವೇ ಕೈಗೆ ಒಳ್ಳೆಯದು ಎಂದು ನಾವಿಬ್ಬರೂ ಅಂದುಕೊಂಡಿದ್ದೆವು, ಅದನ್ನು ಬಿಟ್ಟೆವು. ಸದ್ದು ಮಾಡದೆ, ನಡುದಾರಿಯಲ್ಲಿ ಒಂದು ಉಬ್ಬು ದಾಟಿ ಇಳಿಯುವ ಜಾತಿಯನ್ನು ತೆಗೆದುಕೊಂಡು, ಉಬ್ಬು ಸಣ್ಣದಿರುವುದರಿಂದ ದೊಡ್ಡದಿರುವುದರವರೆಗೆ ಒಂದೊಂದನ್ನೂ ಕಣ್ಣು ಮುಚ್ಚಿ ಒತ್ತುತ್ತ ಹೋದೆ. "ತಿಳೀತಾ?" "ಇಲ್ಲ." "ಇದು?" "ಇಲ್ಲ." ಇಲ್ಲ ಎನ್ನುವುದು ಪ್ರತಿ ಸಲವೂ ಕಷ್ಟವಾಗುತ್ತಿತ್ತು. ಕೊನೆಗೆ ಒಂದು ಸಿಕ್ಕಿತು. ಅದರ ಉಬ್ಬು ಎಷ್ಟು ಒರಟೆಂದರೆ ಬೆರಳ ತುದಿಗೆ ತಿಳಿಯದಿದ್ದರೂ ಗೆಣ್ಣಿಗೆ ತಿಳಿಯಿತು. ಗೆಣ್ಣಿನಲ್ಲಿ ಸಣ್ಣದಾಗಿ ಕುಲುಕಿದಂತಾಗಿ, ದಾಟಿತು ಎಂದು ಗೊತ್ತಾಗುತ್ತಿತ್ತು. ಬಲಗೈಯ ತೋರುಬೆರಳು, ನಡುಬೆರಳುಗಳ ಕೀಲಿಗಳಿಗೆಲ್ಲ ಅದನ್ನೇ ಹಾಕಿದರು. ಮಿಕ್ಕ ಬೆರಳುಗಳಿಗೆ ಅದೇ ಜಾತಿಯಲ್ಲಿ ಹಗುರದ್ದು. ವೇಗ ಅರ್ಧಕ್ಕೆ ಇಳಿಯಿತು. ಈಗ ನ್ಯಾಯಾಧೀಶರು ಒಂದೊಂದು ವಾಕ್ಯಕ್ಕೂ ನಿಂತು ನನಗಾಗಿ ಕಾಯುತ್ತಾರೆ. ಹೊಸಬರನ್ನು ಈಗ ಯಾರೂ ನನ್ನ ಪಕ್ಕ ಕೂರಿಸುವುದಿಲ್ಲ.

ಸಾಕ್ಷಿಗಳು ಒಬ್ಬೊಬ್ಬರಾಗಿ ಮತ್ತೆ ಬಂದರು. ಕೆಲಸ ಬಿಟ್ಟು, ಬಸ್ಸು ಹಿಡಿದು, ಬೇಸರದಿಂದ ಬಂದರು. ಯಾಕೆ ಕರೆಸಿದ್ದು ಎಂದು ಪ್ರತಿಯೊಬ್ಬರಿಗೂ ಬೆಂಚ್ ಕ್ಲರ್ಕ್ ವಿವರಿಸುವಾಗ ನಾನು ಅಲ್ಲೇ ನಿಂತಿರುತ್ತಿದ್ದೆ. ಹೆಚ್ಚಿನವರದು ಸರಿಯಾಗಿತ್ತು. ಕೆಲವು ಕಡೆ ಕಾಗುಣಿತ ತಪ್ಪಿತ್ತು, ಅರ್ಥ ಕೆಟ್ಟಿರಲಿಲ್ಲ. ನನಗೆ ಉಸಿರು ಬಂದಂತಾಗಿತ್ತು.

ಒಂದು ಉಯಿಲಿನ ಪ್ರಕರಣದಲ್ಲಿ ಸಾಕ್ಷಿ ಹೇಳಿದ್ದ ಯಜಮಾನರೊಬ್ಬರ ಬದಲು ಅವರ ಮಗಳು ಬಂದರು. ತಂದೆ ತೀರಿಕೊಂಡರು ಎಂದು ಹೇಳಿ, ಕೊಡೆಯನ್ನು ಬಾಗಿಲಿಗೆ ಒರಗಿಸಿ ನಿಂತರು. ಬೆಂಚ್ ಕ್ಲರ್ಕ್ ಹೇಳಿಕೆಯನ್ನು ತೆಗೆದು ಮೆತ್ತಗೆ ಓದಿದರು. ನಡುವೆ ಒಂದು ಸಾಲು: "ಪತ್ರವನ್ನು ಓದದೆ ಸಹಿ ಹಾಕಿದೆ."

ಓದದೆ ಸಹಿ ಹಾಕಿದ್ದರೆ ಆ ಸಾಕ್ಷ್ಯದ ಬೆಲೆ ಒಂದು. 'ಓದಿದೆ, ಸಹಿ ಹಾಕಿದೆ' ಎಂದಿದ್ದರೆ ಇನ್ನೊಂದು. ಅಂದು ನ್ಯಾಯಾಧೀಶರು ಬರೆಸಿದ ಸಾಲೋ, ನಾನೇ ನೇರವಾಗಿ ಬರೆದುಕೊಂಡದ್ದೋ, ಅವರಿಗೂ ನೆನಪಿಲ್ಲ, ನನಗೂ ಇಲ್ಲ. ಆ ಯಜಮಾನರ ಕಪ್ಪು ಕೋಟು ನೆನಪಿದೆ, ನಡುನಡುವೆ ಕೆಮ್ಮುತ್ತಿದ್ದದ್ದು ನೆನಪಿದೆ. ಮಾತು ನೆನಪಿಲ್ಲ.

"ಅಪ್ಪ ಏನು ಹೇಳಿದ್ರು ಅಂತ ನಿಮಗೆ ಗೊತ್ತಿರಬೇಕಲ್ಲ? ಬರೆದವರು ನೀವೇ ಅಲ್ವಾ?" ಎಂದು ಮಗಳು ನನ್ನನ್ನೇ ಕೇಳಿದರು.

"ಗೊತ್ತಿಲ್ಲ," ಎಂದೆ.

ಈ ಸಾಲಿನ ಬಗ್ಗೆ ಬೆರಳಚ್ಚುಗಾರ್ತಿ ಖಚಿತವಾಗಿ ಏನನ್ನೂ ಹೇಳಲಾರರು ಎಂದು ನ್ಯಾಯಾಧೀಶರು ಟಿಪ್ಪಣಿ ಬರೆಸಿದರು. ಅದನ್ನೂ ನಾನೇ ಟೈಪ್ ಮಾಡಿದೆ. ಮಗಳು ನೋಡುತ್ತಿದ್ದರು. ಒಂದೊಂದು ಕೀಲಿಯೂ ಗೆಣ್ಣಿನಲ್ಲಿ ಕುಲುಕಿ ದಾಟುವವರೆಗೆ ಒತ್ತಿದೆ. ಎಲ್ಲ ಅಕ್ಷರಗಳೂ ಸರಿಯಾಗಿ ಬಿದ್ದವು.